ಭಾನುವಾರಕ್ಕೊಂದು ಕೊಂಡಿ

ಬಿಸಿಎ ಮುಗಿಸಿ ಕೆಲಸ ಹುಡುಕುವವರಿಗೆಲ್ಲ ಸಿಗುವ ಸಲಹೆ ಒಂದೇ: ‘ನಿನ್ನದೇ ಒಂದು ಪ್ರಾಜೆಕ್ಟ್ ಮಾಡಿಟ್ಟುಕೋ’. ಬಹಳಷ್ಟು ಮಂದಿ ಶಾಪಿಂಗ್ ಸೈಟಿನ ನಕಲು ಮಾಡುತ್ತಾರೆ, ಇಲ್ಲವೇ ಹವಾಮಾನ ತೋರಿಸುವ ಆ್ಯಪ್. ನಾನು ಮಾಡುತ್ತಿರುವುದು ಕನ್ನಡದ ಕಥೋಲಿಕ ಪ್ರಬೋಧನೆ, ಭಕ್ತಿಗೀತೆ, ಸುದ್ದಿಗಳ ಕೊಂಡಿಗಳನ್ನೆಲ್ಲ ಒಂದೆಡೆ ಸೇರಿಸುವ ಜಾಲತಾಣ. ಕೇಳಿದವರು ಮೊದಲು ನಗುತ್ತಾರೆ. ಅಪ್ಪ ಮಾತ್ರ ನೇರವಾಗಿ ಕೇಳಿದ್ದ: ‘ಇದ್ರಾಗ ರೊಕ್ಕ ಬರ್ತಾದೇನು?’

ನಮ್ಮದು ಜೇವರ್ಗಿ ತಾಲ್ಲೂಕಿನ ಹಳ್ಳಿ. ಊರಲ್ಲಿ ಕಥೋಲಿಕರ ಮನೆಗಳು ಬೆರಳೆಣಿಕೆಯಷ್ಟು. ಕಲಬುರಗಿ, ಬೀದರ್, ಯಾದಗಿರಿ ಸೇರಿದ ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದೇ 2005ರಲ್ಲಿ. ಹೆಚ್ಚೂಕಡಿಮೆ ನನ್ನದೇ ವಯಸ್ಸು. ಫಾದರ್ ಪ್ರತಿ ಭಾನುವಾರ ನಮ್ಮೂರಿಗೆ ಬರಲಾಗುವುದಿಲ್ಲ. ಮೊಣಕಾಲು ನೋವಿನ ನಮ್ಮ ಆಯಿಗೆ ಬಸ್ ಹತ್ತಿ ಪೂಜೆಗೆ ಹೋಗಲಾಗುವುದಿಲ್ಲ. ಹಾಗಾಗಿ ‘ಏ ತಮ್ಮಾ, ಈ ವಾರದ್ದು ಹಚ್ಚಪಾ’ ಎಂದು ಮೊಬೈಲ್ ನನ್ನ ಕೈಗೆ ಕೊಡುತ್ತಾಳೆ. ಹುಡುಕಿದರೆ ಮೊದಲು ಬರುವುದು ಮಲಯಾಳದ್ದು, ಆಮೇಲೆ ಕೊಂಕಣಿಯದು. ‘ಇದು ನಮ್ಮ ಮಾತಲ್ಲಪಾ’ ಎಂದು ಆಕೆ ಮೊಬೈಲ್ ಬದಿಗಿಡುತ್ತಾಳೆ.

ಹಾಗಂತ ಸರಕಿನ ಕೊರತೆಯಿಲ್ಲ. ವ್ಯಾಟಿಕನ್ ರೇಡಿಯೊವನ್ನು ಮಾರ್ಕೋನಿ ಕಟ್ಟಿಕೊಟ್ಟದ್ದು 1931ರಲ್ಲಿ. ವ್ಯಾಟಿಕನ್ನಿನ ಜಾಲತಾಣ 1995ರ ಕ್ರಿಸ್‌ಮಸ್‌ಗೇ ಶುರುವಾಯಿತು. ಐವತ್ತಕ್ಕೂ ಹೆಚ್ಚು ಭಾಷೆಗಳಲ್ಲಿರುವ ವ್ಯಾಟಿಕನ್ ನ್ಯೂಸ್‌ಗೆ 2024ರಲ್ಲಿ ಕನ್ನಡವೂ ಸೇರಿತು. ಬೆಂಗಳೂರು, ಮೈಸೂರು ಕಡೆಯ ಚರ್ಚುಗಳು ಪೂಜೆಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡುತ್ತವೆ. ಇಷ್ಟೆಲ್ಲ ಇದ್ದೂ ಹಳ್ಳಿಯ ಅಜ್ಜಿಗೆ ಬೇಕಾದ್ದು ಬೇಕಾದ ದಿನ ಸಿಗದು.

ನಾವು ಮೂವರು ಕೂಡಿ ಇದಕ್ಕೆ ಕೈಹಾಕಿದೆವು. ಒಬ್ಬ ಆಳಂದದವನು, ಒಬ್ಬಳು ಅಫಜಲಪುರದವಳು, ಮೂರನೆಯವನು ನಾನು. ಕೋಡ್ ಬರೆಯುವುದೇ ದೊಡ್ಡ ಕೆಲಸ ಅಂದುಕೊಳ್ಳಬೇಡಿ, ಅದು ಎರಡು ವಾರದಲ್ಲಿ ಮುಗಿಯಿತು. ಪ್ರತಿ ಯೂಟ್ಯೂಬ್ ಚಾನೆಲ್‌ಗೂ ಒಂದು ಆರ್‌ಎಸ್‌ಎಸ್ ಫೀಡ್ ಇರುತ್ತದೆ. ಅದರಲ್ಲಿ ತೀರಾ ಇತ್ತೀಚಿನ 15 ವಿಡಿಯೊಗಳ ಹೆಸರು, ದಿನಾಂಕ, ಕೊಂಡಿ ಇರುತ್ತವೆ. ದಿನಕ್ಕೊಮ್ಮೆ ಅದನ್ನು ಓದಿ ಗೂಗಲ್ ಶೀಟಿಗೆ ತುಂಬುವ ಪೈಥಾನ್ ಸ್ಕ್ರಿಪ್ಟ್ ಸಾಕು. ಹೋಸ್ಟಿಂಗ್ ಗಿಟ್‌ಹಬ್ ಪೇಜಸ್‌ನಲ್ಲಿ, ಪುಕ್ಕಟೆ.

ತಲೆನೋವು ಶುರುವಾದದ್ದು ಭಾಷೆಯಲ್ಲಿ. ಮಂಗಳೂರಿನ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲೇ. 1938ರಿಂದ ಬರುತ್ತಿರುವ ‘ರಾಕ್ಣೊ’ ವಾರಪತ್ರಿಕೆಯೂ ಹಾಗೇ. ಯೂನಿಕೋಡ್ ನೋಡಿ ಭಾಷೆ ಗುರುತಿಸುವ ಪ್ರೋಗ್ರಾಮಿಗೆ ಎರಡೂ ಒಂದೇ! ಹಾಗಾಗಿ ಕನ್ನಡದಲ್ಲಿ ಮಾತ್ರ ಮೇಲಿಂದ ಮೇಲೆ ಬರುವ ಪದಗಳ ಪಟ್ಟಿ ಮಾಡಿ ಬೇರ್ಪಡಿಸಬೇಕಾಯಿತು. ಇನ್ನು ಹಳೆಯ ಲೇಖನಗಳು ನುಡಿ, ಶ್ರೀಲಿಪಿಗಳ ಹಳೇ ಫಾಂಟಿನಲ್ಲಿ ಟೈಪಾದವು. ಫಾಂಟ್ ಇಲ್ಲದ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಅವನ್ನು ಯೂನಿಕೋಡ್‌ಗೆ ತಿರುಗಿಸದೆ ಯಾವ ಸರ್ಚ್ ಎಂಜಿನ್ನೂ ಹುಡುಕಿ ಕೊಡಲಾರದು.

ಪದಗಳದ್ದು ಇನ್ನೊಂದು ಕಥೆ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ ‘ಸುವಾರ್ತೆ’ ಆದದ್ದು ನಮ್ಮವರಿಗೆ ‘ಶುಭಸಂದೇಶ’. ಅಲ್ಲಿ ‘ಯೆಹೋವ’ ಎಂದರೆ ಇಲ್ಲಿ ‘ಸರ್ವೇಶ್ವರ’. ನಮ್ಮ ಭಾಗದಲ್ಲಿ ಮೆಥೋಡಿಸ್ಟರೇ ಹೆಚ್ಚಾದ್ದರಿಂದ ನಮ್ಮ ಹುಡುಗರೂ ‘ಸುವಾರ್ತೆ’ ಎಂದೇ ಹುಡುಕುತ್ತಾರೆ. ಕಥೋಲಿಕ, ಕ್ಯಾಥೋಲಿಕ್, ಕೆಥೊಲಿಕ್ ಎಂದು ಮೂರು ಬಗೆಯ ಕಾಗುಣಿತ ಬೇರೆ. ಯಾವುದನ್ನು ಟೈಪ್ ಮಾಡಿದರೂ ಒಂದೇ ಕಡೆ ತಲುಪಿಸುವ ಪಟ್ಟಿಯನ್ನು ಅಫಜಲಪುರದ ಗೆಳತಿ ಕೂತು ಮಾಡಿದಳು. ನನ್ನ ಪ್ರಕಾರ ಇಡೀ ತಾಣದ ಜೀವ ಇರುವುದು ಆ ಪಟ್ಟಿಯಲ್ಲೇ.

ಎಲ್ಲವನ್ನೂ ಸೇರಿಸಿ ಹೊಸದು ಮೇಲೆ, ಹಳೆಯದು ಕೆಳಗೆ ಎಂದು ಜೋಡಿಸಿಟ್ಟಿದ್ದೆವು. ಸುದ್ದಿ ತಾಣಗಳೆಲ್ಲ ಇರುವುದು ಹಾಗೇ ತಾನೆ? ನೋಡಿದ ಫಾದರ್ ಒಬ್ಬರು, ‘ಪೂಜೆಗೆ ಬರುವವರು ತಾರೀಕು ನೋಡಿ ಹುಡುಕುವುದಿಲ್ಲಪ್ಪ, ಭಾನುವಾರ ನೋಡಿ ಹುಡುಕುತ್ತಾರೆ’ ಎಂದರು. ಆ ಮಾತಿನಿಂದ ತಾಣದ ನಕ್ಷೆಯೇ ಬದಲಾಯಿತು. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಭಾನುವಾರದ ವಾಚನಗಳು ಎ, ಬಿ, ಸಿ ಎಂಬ ಮೂರು ವರ್ಷಗಳ ಸುತ್ತಿನಲ್ಲಿ ಬರುತ್ತವೆ. ಎ ವರ್ಷಕ್ಕೆ ಮತ್ತಾಯ, ಬಿಗೆ ಮಾರ್ಕ, ಸಿಗೆ ಲೂಕ. ಇಸವಿ 3ರಿಂದ ಭಾಗವಾದರೆ ಅದು ಸಿ. ಅಂದರೆ 2025 ಸಿ, 2026 ಎ. ತಪಸ್ಸುಕಾಲದ ಮೂರನೇ ಭಾನುವಾರ, ಬಾವಿಕಟ್ಟೆಯಲ್ಲಿ ಸಮಾರಿಯದ ಹೆಂಗಸಿನ ಬಳಿ ಯೇಸು ನೀರು ಕೇಳಿದ ಪ್ರಸಂಗ 2023ರಲ್ಲಿ ಮಾರ್ಚ್ 12ಕ್ಕೆ ಬಂದಿತ್ತು. 2026ರಲ್ಲಿ ಮಾರ್ಚ್ 8ಕ್ಕೆ. ಯಾರ ಕೈಯ ನೀರು ಯಾರು ಕುಡಿಯಬೇಕು ಎಂಬ ಆ ಪ್ರಸಂಗವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ 2023ರಲ್ಲಿ ಯಾರೋ ಚೆನ್ನಾಗಿ ಕೊಟ್ಟ ಪ್ರಬೋಧನೆ ಹಳೆಯದೆಂದು ಕೆಳಗೆ ಹೂತುಹೋಗಿದ್ದರೆ ಏನು ಉಪಯೋಗ?

ಹೀಗೆ ಜೋಡಿಸಬೇಕಾದರೆ ಈಸ್ಟರ್ ಯಾವತ್ತು ಎಂದು ಕಂಪ್ಯೂಟರಿಗೆ ಗೊತ್ತಿರಬೇಕು. ನಮ್ಮ ಯುಗಾದಿಯಂತೆ ಅದಕ್ಕೂ ಚಂದ್ರನ ಲೆಕ್ಕ ಉಂಟು. ಮಾರ್ಚ್ 21ರಂದು ಅಥವಾ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ. ಮಾರ್ಚ್ 22ರಿಂದ ಏಪ್ರಿಲ್ 25ರೊಳಗೆ ಎಂದಾದರೂ ಬರಬಹುದು. ಭಾಗಾಕಾರ, ಶೇಷ ಬಿಟ್ಟರೆ ಬೇರೇನೂ ಬೇಡದ ಹತ್ತು ಹದಿನೈದು ಸಾಲಿನ ಲೆಕ್ಕ. ಪ್ರೋಗ್ರಾಮಿಂಗ್ ಕಲಿಯುವವರು ಒಮ್ಮೆ ಬರೆದು ನೋಡಿ, ಮಜಾ ಇದೆ. ಈಸ್ಟರಿನಿಂದ 28 ದಿನ ಹಿಂದಕ್ಕೆ ಎಣಿಸಿದರೆ ಆ ಬಾವಿಕಟ್ಟೆಯ ಭಾನುವಾರ.

ಫೀಡಿನಲ್ಲಿ ಬರುವುದು 15 ಮಾತ್ರ ಆದ್ದರಿಂದ ಹಳೆಯವನ್ನು ಕೈಯಾರೆ ಸೇರಿಸಬೇಕು. ಬರೀ ‘ಭಾನುವಾರದ ಪೂಜೆ ಲೈವ್’ ಎಂದಿದ್ದರೆ ಒಳಗೇನಿದೆ ಎಂದು ಕೇಳಿಯೇ ತಿಳಿಯಬೇಕು. ಆಳಂದದ ಗೆಳೆಯ ಮುಸಲ್ಮಾನ. ಹೆಡ್‌ಫೋನ್ ಹಾಕಿಕೊಂಡು ಪ್ರಬೋಧನೆ ಕೇಳಿ ಕೇಳಿ ಈಗ ಶುಭಸಂದೇಶದ ಅಧ್ಯಾಯ ನನಗಿಂತ ಬೇಗ ಹೇಳುತ್ತಾನೆ. ಇದೇ ಕೋಡಿನಿಂದ ಲಾಡ್ಲೆ ಮಶಾಕ್ ದರ್ಗಾದ ಉರುಸಿನ ಕವ್ವಾಲಿಗಳನ್ನು ಜೋಡಿಸುವುದು ಅವನ ಲೆಕ್ಕಾಚಾರ. ಗಾಣಗಾಪುರದ ದತ್ತ ಭಜನೆಗಳನ್ನೂ ಹಾಗೇ ಮಾಡಬಹುದು, ಮಾಡುವವರು ಬೇಕಷ್ಟೆ.

ಎರಡು ನಿಯಮ ಹಾಕಿಕೊಂಡಿದ್ದೇವೆ. ಯಾರ ವಿಡಿಯೊವನ್ನೂ ಇಳಿಸಿಕೊಂಡು ನಮ್ಮಲ್ಲಿ ಇಡುವುದಿಲ್ಲ, ಕೊಂಡಿ ಮಾತ್ರ; ನೋಡಿದವರ ಎಣಿಕೆ ಅವರಿಗೇ ಸಲ್ಲಲಿ. ಹಳ್ಳಿಯ ಜನರ ಮುಖ, ಹೆಸರು, ಜ್ಞಾನಸ್ನಾನದ ಫೋಟೊ ಹಾಕುವುದಿಲ್ಲ. ಇದಕ್ಕೆ ನಮ್ಮವರೇ ಬೇಸರ ಮಾಡಿಕೊಂಡರು, ಆದರೂ ನಾನು ಸಡಿಲಿಸಲಿಲ್ಲ. ಫೋಟೊ ಇಲ್ಲದ್ದರಿಂದ ಸಿಗ್ನಲ್ ಕಮ್ಮಿ ಇರುವ ಕಡೆಯೂ ಪುಟ ಬೇಗ ತೆರೆದುಕೊಳ್ಳುತ್ತದೆ.

ಕಾರ್ಲೊ ಅಕುಟಿಸ್ ಎಂಬ ಇಟಲಿಯ ಹುಡುಗನ ಕಥೆ ಕೆಲವರು ಕೇಳಿರಬಹುದು. ಪರಮಪ್ರಸಾದದ ಪವಾಡಗಳ ಮಾಹಿತಿಯನ್ನೆಲ್ಲ ಒಂದು ಜಾಲತಾಣದಲ್ಲಿ ಸೇರಿಸಿ, 2006ರಲ್ಲಿ 15ನೇ ವಯಸ್ಸಿಗೇ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡ. 2025ರ ಸೆಪ್ಟೆಂಬರ್ 7ರಂದು ಚರ್ಚ್ ಅವನನ್ನು ಸಂತನೆಂದು ಘೋಷಿಸಿತು. ಫಾದರ್ ಅವನ ಚಿತ್ರ ತಂದುಕೊಟ್ಟಿದ್ದಾರೆ. ನನಗೆ ಸದ್ಯ ಬೇಕಾದ್ದು ಒಂದು ನೌಕರಿ ಎಂದು ನಕ್ಕಿದ್ದೇನೆ. ಈಚೆಗೆ ಹೋದ ಇಂಟರ್‌ವ್ಯೂನಲ್ಲಿ ಈಸ್ಟರ್ ಲೆಕ್ಕ ಮತ್ತು ಕೊಂಕಣಿ ಬೇರ್ಪಡಿಸಿದ ಬಗೆಯನ್ನೇ ಅರ್ಧ ಗಂಟೆ ಕೇಳಿದರು. ಉತ್ತರ ಇನ್ನೂ ಬಂದಿಲ್ಲ.

ಅಷ್ಟರಲ್ಲಿ ಹೊಸ ಕೆಲಸ ಬಂದಿದೆ. ಅಫಜಲಪುರದ ಗೆಳತಿಯ ಮನೆಯ ಟ್ರಂಕಿನಲ್ಲಿ ಹಳೆಯ ಕನ್ನಡ ಭಕ್ತಿಗೀತೆಗಳ ಕ್ಯಾಸೆಟ್‌ಗಳು ಸಿಕ್ಕಿವೆ, ಕೆಲವಕ್ಕೆ ಹಣೆಪಟ್ಟಿಯೂ ಇಲ್ಲ. ಯಾರು ಹಾಡಿದ್ದು, ಯಾರ ಒಪ್ಪಿಗೆ ಕೇಳಬೇಕು ಎಂದು ತಿಳಿಯಲು ಮೊದಲು ಅವನ್ನು ಕೇಳಬೇಕು. ಮೂರು ತಾಲ್ಲೂಕಿನಲ್ಲೂ ನಡೆಯುವ ಟೇಪ್ ರೆಕಾರ್ಡರ್ ಒಂದಕ್ಕಾಗಿ ಹುಡುಕುತ್ತಿದ್ದೇವೆ.