ಸಂಗಮದ ದೋಣಿಯಾನ ಮತ್ತು ಬುತ್ತಿಯೂಟ

ಕಳೆದ ಮಕರ ಸಂಕ್ರಾಂತಿಯ ಮರುದಿನ ನಾವು ಐವರು ಹಳೆಯ ಗೆಳೆಯರು ಬುತ್ತಿ ಕಟ್ಟಿಕೊಂಡು ಕೂಡಲಸಂಗಮಕ್ಕೆ ಹೋಗಿದ್ದೆವು. ಎಲ್ಲರೂ ಅರವತ್ತು ದಾಟಿದವರು. ನೋಡುವವರಿಗೆ ಅದೊಂದು ವಿಹಾರ; ನಮ್ಮ ಮನಸ್ಸಿನಲ್ಲಿ ಮಾತ್ರ ಐವರಲ್ಲೊಬ್ಬರ ಆರೋಗ್ಯದ ಚಿಂತೆಯಿತ್ತು.

ಅವರು ನಿವೃತ್ತ ಶಿಕ್ಷಕರು. ಹಿಂದಿನ ಶ್ರಾವಣದಲ್ಲಿ ಅವರ ಧರ್ಮಪತ್ನಿ ಲಿಂಗೈಕ್ಯರಾದರು. ಬಳಿಕ ಅವರು ಮುಂಜಾನೆಯೊಮ್ಮೆ ಅನ್ನ ಮಾಡಿಕೊಂಡು ಅದನ್ನೇ ಎರಡು ಹೊತ್ತೂ ಒಬ್ಬರೇ ಉಣ್ಣತೊಡಗಿದರು. ಹಸಿವಿಲ್ಲ, ಉಂಡದ್ದು ಜೀರ್ಣವಾಗದು, ನಿದ್ರೆಯಿಲ್ಲ. 5 ತಿಂಗಳಲ್ಲಿ 7 ಕಿಲೋ ತೂಕ ಇಳಿಯಿತು. ರಕ್ತಪರೀಕ್ಷೆ ಮೊದಲಾದ ತಪಾಸಣೆಗಳಲ್ಲಿ ದೋಷ ಕಾಣಲಿಲ್ಲ. ಅಗ್ನಿಮಾಂದ್ಯವೆಂದು ನಿರ್ಣಯಿಸಿ, ಹಿಂಗ್ವಷ್ಟಕ ಚೂರ್ಣವನ್ನು ತುಪ್ಪದೊಡನೆ ಮೊದಲ ತುತ್ತಿನಲ್ಲಿ ಕೊಡಿಸಿದೆವು. ಔಷಧ ಬದಲಿಸಿಯೂ ನೋಡಿದೆವು. ಗುಣ ಅಷ್ಟಕ್ಕಷ್ಟೆ.

ಮಿತವಾಗಿ ಉಂಡ ಪಥ್ಯಾಹಾರವೂ ಚಿಂತೆ, ಶೋಕ, ಭಯ, ಕ್ರೋಧ, ಜಾಗರಣೆಗಳಿಂದ ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನವು ಹೇಳುತ್ತದೆ. ವಿಷಾದವು ರೋಗವನ್ನು ಬೆಳೆಸುವವುಗಳಲ್ಲಿ ಮುಖ್ಯವೆಂದೂ, ಹರ್ಷವು ತೃಪ್ತಿಯನ್ನೀಯುವವುಗಳಲ್ಲಿ ಮುಖ್ಯವೆಂದೂ ಅದೇ ಗ್ರಂಥದ ಸೂತ್ರಸ್ಥಾನದಲ್ಲಿದೆ. ಓದಿನ ದಿನಗಳಲ್ಲಿ ಕಂಠಪಾಠ ಮಾಡಿದ ಮಾತುಗಳಿವು. ಆದರೂ ನಾವು ಗೆಳೆಯರ ನಾಲಗೆ ನೋಡಿದೆವು, ನಾಡಿ ನೋಡಿದೆವು. ಅವರು ಯಾರೊಡನೆ ಉಣ್ಣುತ್ತಾರೆಂದು ಕೇಳಲಿಲ್ಲ. ಈ ಲೋಪ ನಮ್ಮದೇ.

ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಸೇರುತ್ತಾಳೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಇಲ್ಲಿಯವರೆಗೂ ಚಾಚಿಕೊಂಡಿರುವುದರಿಂದ ಗುರು ಬಸವಣ್ಣನವರ ಐಕ್ಯಮಂಟಪವನ್ನು ಎತ್ತರದ ಗೋಡೆ ಕಟ್ಟಿ ಕಾಪಾಡಲಾಗಿದೆ; ಬಾವಿಗೆ ಇಳಿದಂತೆ ಮೆಟ್ಟಿಲಿಳಿದು ದರ್ಶನ ಪಡೆಯಬೇಕು. ದರ್ಶನ ಮುಗಿಸಿ ನಾವು ದೋಣಿ ಹತ್ತಿದೆವು. ಉಂಡ ಕೂಡಲೇ ಬಿಸಿಲು, ಈಜು, ಪ್ರಯಾಣಗಳು ಸಲ್ಲವೆಂಬುದು ಸುಶ್ರುತರ ಮತ. ಆದ್ದರಿಂದ ದೋಣಿ ಮೊದಲು, ಊಟ ಆಮೇಲೆ. ಜೀವರಕ್ಷಕ ಅಂಗಿ ತೊಡಲು ಒಬ್ಬರು ನಾಚಿದರು. ತೊಡದಿದ್ದರೆ ದೋಣಿ ಬಿಡುವುದಿಲ್ಲವೆಂದು ಅಂಬಿಗರು ಖಂಡಿತವಾಗಿ ಹೇಳಿದ್ದು ನಮಗೆ ಮೆಚ್ಚುಗೆಯಾಯಿತು.

ಎಳೆಬಿಸಿಲು, ತಣ್ಣನೆಯ ಗಾಳಿ. ಶಾಲೆಯ ದಿನಗಳ ನೆನಪಿನಲ್ಲಿ ನಕ್ಕದ್ದೇ ನಕ್ಕದ್ದು. ನಡುನೀರಿನಲ್ಲಿ ಅಂಬಿಗರು ಆಚೆ ದಂಡೆಯತ್ತ ಕೈಮಾಡಿ, ತಾಯಿ ನೀಲಾಂಬಿಕೆಯ ಐಕ್ಯಸ್ಥಳವಾದ ತಂಗಡಗಿ ಆ ಕಡೆಗಿದೆ ಎಂದರು. ಅದುವರೆಗೆ ಸುಮ್ಮನಿದ್ದ ಗೆಳೆಯರು, “ಆಕೆಯನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯುವೆನೆಂದಿದ್ದೆ. ಇಂದು, ನಾಳೆ ಎನ್ನುತ್ತ ಉಳಿದುಹೋಯಿತು” ಎಂದರು. ಪತ್ನಿಯ ವಿಷಯವನ್ನು ಅವರು ನಮ್ಮೆದುರು ಆಡಿದ್ದು ಅದೇ ಮೊದಲು. ಸಮಾಧಾನದ ಮಾತನ್ನು ಯಾರೂ ಹೇಳಲಿಲ್ಲ. ಅವರು ಕಣ್ಣೊರೆಸಿಕೊಳ್ಳುವವರೆಗೆ ಅಂಬಿಗರು ದೋಣಿಯನ್ನು ನಿಲ್ಲಿಸಿದ್ದರು.

ದಂಡೆಗೆ ಬಂದು ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕೆನೆಮೊಸರು, ಮಾದಲಿ. ಹೇಮಂತ ಶಿಶಿರಗಳಲ್ಲಿ ಜಠರಾಗ್ನಿ ಬಲವಾಗಿರುವುದರಿಂದ ಇಂತಹ ಸ್ನಿಗ್ಧ, ಗುರು ಆಹಾರ ಸಲ್ಲುತ್ತದೆ. ಮೊಸರು ಹಗಲಿಗೆ ಮಾತ್ರ; ರಾತ್ರಿ ನಿಷಿದ್ಧ. ಮಧುಮೇಹವಿರುವ ಇಬ್ಬರಿಗೆ ಮಾದಲಿಯ ರುಚಿಯಷ್ಟೇ ದೊರೆಯಿತು. ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ನೀರಿಗೆ, ಉಳಿದೊಂದು ಗಾಳಿಗೆಂಬ ವಾಗ್ಭಟರ ಲೆಕ್ಕವನ್ನು ವಿಹಾರದ ದಿನವೂ ಮರೆಯಬಾರದು.

ಮಾತನಾಡದೆ, ನಗದೆ, ಮನಸ್ಸಿಟ್ಟು ಉಣ್ಣಬೇಕೆಂಬುದು ಚರಕರ ವಿಧಿ. ಪ್ರಸಾದವೆಂದು ಸ್ವೀಕರಿಸುವ ನಮಗೆ ಇದು ಹೊಸತಲ್ಲ. ದೋಣಿಯಲ್ಲಿ ನಕ್ಕವರು ಪಂಕ್ತಿಯಲ್ಲಿ ಮೌನವಾದೆವು. ಉಣ್ಣಿರೆಂದು ಆ ಗೆಳೆಯರನ್ನು ಯಾರೂ ಒತ್ತಾಯಿಸಲಿಲ್ಲ. ಒಂದು ರೊಟ್ಟಿ ಮುಗಿಸಿ ಅವರೇ ಇನ್ನೊಂದಕ್ಕೆ ಕೈಚಾಚಿದರು. ಬಳಿಕ ತುಸು ಕುಳಿತು, ನೂರು ಹೆಜ್ಜೆ ನಡೆದು, ಎಡಮಗ್ಗುಲಾಗಿ ಒರಗಿದೆವು. ಚಳಿಗಾಲದ ಹಗಲುನಿದ್ರೆ ಕಫಕಾರಕವಾದ್ದರಿಂದ ನಿದ್ರಿಸಲಿಲ್ಲ.

ಒಂದು ದಿನದ ದೋಣಿಯಾನದಿಂದ ಶೋಕ ಕಳೆಯದು. ಅದರಿಂದ ನಮಗೆ ದಾರಿಯಷ್ಟೇ ತಿಳಿಯಿತು. ಅಂದಿನಿಂದ ಪ್ರತಿ ಸೋಮವಾರ ಒಬ್ಬರ ಮನೆಯಲ್ಲಿ ಐವರೂ ಕೂಡಿ ಉಣ್ಣುತ್ತೇವೆ. ಚೂರ್ಣವನ್ನು ನಿಲ್ಲಿಸಿಲ್ಲ, ಈಗ ಅದು ಕೆಲಸ ಮಾಡುತ್ತಿದೆ. ಯುಗಾದಿಯ ಹೊತ್ತಿಗೆ ಕಳೆದುಕೊಂಡ ತೂಕದಲ್ಲಿ 3 ಕಿಲೋ ಮರಳಿತು. ಅಮಾವಾಸ್ಯೆಯ ದಾಸೋಹದಲ್ಲಿ ಅವರು ಬಡಿಸಲು ನಿಲ್ಲುತ್ತಾರೆ.

ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಮೊದಲು ತಪಾಸಣೆಯಾಗಲೇಬೇಕು. ಎರಡು ವಾರ ಮೀರಿದ ನಿರುತ್ಸಾಹ, ನಿದ್ರಾಹೀನತೆಗಳಿಗೆ ಮನೋವೈದ್ಯರನ್ನು ಕಾಣಲು ಸಂಕೋಚ ಬೇಡ. ಇದರೊಡನೆ ಸದ್ಭಕ್ತರಲ್ಲಿ ನಮ್ಮದೊಂದು ವಿನಂತಿ: ನಿಮ್ಮ ಓಣಿಯಲ್ಲಿ ಒಬ್ಬರೇ ಉಣ್ಣುತ್ತಿರುವ ಹಿರಿಯರು ಯಾರೆಂದು ನೋಡಿರಿ. ಮುಂದಿನ ಬುತ್ತಿಯಲ್ಲಿ ಅವರಿಗೂ ಎರಡು ರೊಟ್ಟಿ ಇರಲಿ.