ರಕ್ತದೊತ್ತಡದ ಯಂತ್ರ ತಿಳಿಸುವ ಇನ್ನೊಂದು ಸುದ್ದಿ

ಒಂದು ಕಾಲದಲ್ಲಿ ರಕ್ತದೊತ್ತಡ ನೋಡಿಸಬೇಕಾದರೆ ಬದಿಯಡ್ಕಕ್ಕೋ ಕುಂಬಳೆಗೋ ಬಸ್ಸು ಹತ್ತಿ ಹೋಗಿ, ಡಾಕ್ಟರರ ಕೋಣೆಯ ಹೊರಗೆ ಸರದಿ ಕಾಯಬೇಕಾಗಿತ್ತು. ಈಗ ಆ ಯಂತ್ರ ನಮ್ಮ ಎಷ್ಟೋ ಮನೆಗಳ ಕಪಾಟಿಗೆ ಬಂದು ಕುಳಿತಿದೆ. ಗಲ್ಫಿನಿಂದ ರಜೆಯಲ್ಲಿ ಬಂದ ಮಗ ತಂದುಕೊಟ್ಟದ್ದಿರಬಹುದು, ಪೇಟೆಯ ಔಷಧದಂಗಡಿಯಲ್ಲಿ ಕೊಂಡದ್ದಿರಬಹುದು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಮೇಲಿನ ಅಂಕೆ, ಕೆಳಗಿನ ಅಂಕೆ, ನಾಡಿಯ ಅಂಕೆ ಮೂರೂ ಕಾಣುತ್ತವೆ. ಮೊದಲಿನೆರಡನ್ನು ಓದಿ ನಾವು ಪಟ್ಟಿ ಬಿಚ್ಚಿ ಇಡುತ್ತೇವೆ. ಅಂಕೆಗಳ ಪಕ್ಕದಲ್ಲಿ ಒಮ್ಮೊಮ್ಮೆ ಮೂಡುವ ಪುಟ್ಟದೊಂದು ಚಿಹ್ನೆಯ ಕಡೆಗೆ ನಮ್ಮ ಗಮನ ಹೋಗುವುದಿಲ್ಲ.

ನೆರೆಯ ಹಿರಿಯರೊಬ್ಬರು ಕಳೆದ ಮಳೆಗಾಲದಲ್ಲಿ ನಮ್ಮನ್ನು ಕರೆದು, "ಮಾಷ್ಟ್ರೇ, ಇದರಲ್ಲಿ ಹೃದಯದ ಚಿತ್ರವೊಂದು ಬರುತ್ತದೆ, ಬ್ಯಾಟರಿ ಮುಗಿಯಿತೋ ಏನೋ, ಸ್ವಲ್ಪ ನೋಡಿ" ಎಂದರು. ಬ್ಯಾಟರಿ ಸರಿಯಾಗಿಯೇ ಇತ್ತು. ಯಂತ್ರದ ಜೊತೆಗೆ ಬಂದ ಕಾಗದವನ್ನು ಬಿಡಿಸಿ ನೋಡಿದರೆ ಅದು ಇಂಗ್ಲಿಷಿನಲ್ಲಿತ್ತು, ಅಕ್ಷರಗಳೋ ಸಾಸಿವೆ ಕಾಳಿನಷ್ಟು. ಎಪ್ಪತ್ತು ದಾಟಿದವರು ಅದನ್ನು ಓದಿ ತಿಳಿಯುವುದುಂಟೇ? ಇಂತಹ ಎಷ್ಟೋ ಮನೆಗಳಿರಬಹುದೆಂದು ತೋರಿದ್ದರಿಂದ ಈ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ಯಂತ್ರದ ಕೆಲಸವನ್ನು ತಿಳಿಯೋಣ. ಗಾಳಿ ತುಂಬಿದ ಪಟ್ಟಿ ಮೆಲ್ಲನೆ ಸಡಿಲಾಗುವಾಗ ನಾಡಿಯ ಒಂದೊಂದು ಬಡಿತವೂ ಒಳಗಿನ ಗಾಳಿಗೆ ಸಣ್ಣದೊಂದು ತಳ್ಳು ಕೊಡುತ್ತದೆ. ಆ ತಳ್ಳುಗಳ ಏರಿಳಿತದಿಂದ ಯಂತ್ರವು ಒತ್ತಡವನ್ನು ಲೆಕ್ಕ ಹಾಕುತ್ತದೆ. ಒಂದು ತಳ್ಳಿಗೂ ಮತ್ತೊಂದಕ್ಕೂ ನಡುವಿನ ಅಂತರವೂ ಅದಕ್ಕೆ ಸಿಗುತ್ತದಷ್ಟೆ. ಗೋಡೆ ಗಡಿಯಾರದ ಟಿಕ್ ಟಿಕ್ ಹಾಗೆ ಅಂತರ ಸಮನಾಗಿದ್ದರೆ ಚಿಂತೆಯಿಲ್ಲ. ಮಳೆ ನಿಂತ ಮೇಲೆ ಹಂಚಿನ ಮಾಡಿನಿಂದ ಬೀಳುವ ಹನಿಗಳ ಹಾಗೆ, ಒಮ್ಮೆ ಬೇಗ, ಒಮ್ಮೆ ತಡ, ಮತ್ತೆ ಎರಡು ಒಟ್ಟಿಗೆ ಎಂಬಂತಿದ್ದರೆ ಯಂತ್ರ ಚಿಹ್ನೆ ತೋರಿಸುತ್ತದೆ. ಈ ಲೆಕ್ಕಾಚಾರವನ್ನು ರೂಪಿಸಿದವರಲ್ಲಿ ಮುಖ್ಯರಾದವರು ನ್ಯೂಯಾರ್ಕಿನ ಹೃದ್ರೋಗ ತಜ್ಞ ಜೋಸೆಫ್ ವೀಸೆಲ್. ಅವರ ಪ್ರಬಂಧ 2004ರಲ್ಲಿ ಪ್ರಕಟವಾಯಿತು. 2013ರಲ್ಲಿ ಬ್ರಿಟನ್ನಿನ ನೈಸ್ ಎಂಬ ಆರೋಗ್ಯ ಸಂಸ್ಥೆಯು ಇದೇ ಬಗೆಯ 'ವಾಚ್‌ಬಿಪಿ ಹೋಮ್ ಎ' ಎಂಬ ಯಂತ್ರವನ್ನು ವೈದ್ಯರು ರಕ್ತದೊತ್ತಡ ನೋಡುವ ಸಂದರ್ಭದಲ್ಲಿಯೇ ಬಳಸಬಹುದೆಂದು ಸಲಹೆ ನೀಡಿತು.

ಇಷ್ಟಕ್ಕೂ ಹುಡುಕುವುದು ಏನನ್ನು? ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯನ್ನು. ಹೃದಯದ ಮೇಲಿನ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಬಲಗಡೆಯ ಹೃತ್ಕರ್ಣದಲ್ಲಿರುವ ಒಂದು ಸಣ್ಣ ಗಂಟಿನಿಂದ ಆಜ್ಞೆ ಹೊರಟು ಇಡೀ ಹೃದಯ ತಾಳಬದ್ಧವಾಗಿ ಬಡಿಯುವುದು ಕ್ರಮ. ಡ್ರಿಲ್ ಮಾಷ್ಟ್ರು ಒಬ್ಬರೇ ಸೀಟಿ ಊದಿದರೆ ಮಕ್ಕಳ ಹೆಜ್ಜೆ ಕೂಡುತ್ತದೆ. ಮೈದಾನದ ಮಕ್ಕಳೆಲ್ಲರೂ ಒಂದೊಂದು ಸೀಟಿ ಊದತೊಡಗಿದರೆ? ಈ ಕಾಯಿಲೆಯಲ್ಲಿ ಆಗುವುದು ಅದೇ. ನಿಮಿಷಕ್ಕೆ ಮುನ್ನೂರೈವತ್ತಕ್ಕೂ ಮಿಕ್ಕಿ ಆಜ್ಞೆಗಳು ಎದ್ದು ಹೃತ್ಕರ್ಣಗಳು ಬಡಿಯಲಾರದೆ ಬರಿದೇ ಅದುರುತ್ತವೆ. ಕೆಳಗಿನ ಕೋಣೆಗಳಿಗೆ ಅವುಗಳಲ್ಲಿ ಕೆಲವು ಮಾತ್ರ, ಅದೂ ಅಡ್ಡಾದಿಡ್ಡಿಯಾಗಿ ತಲುಪುವುದರಿಂದ ಕೈನಾಡಿ ತಾಳ ತಪ್ಪುತ್ತದೆ.

ಅಪಾಯವಿರುವುದು ನಾಡಿ ತಾಳ ತಪ್ಪುವುದಕ್ಕಿಂತ ಹೆಚ್ಚಾಗಿ ರಕ್ತ ನಿಲ್ಲುವುದರಲ್ಲಿ. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಕಿವಿಯಾಕಾರದ ಪುಟ್ಟ ಚೀಲವೊಂದಿದೆ. ಅದುರುವ ಕೋಣೆಯಲ್ಲಿ ರಕ್ತ ಸರಿಯಾಗಿ ಹರಿಯದೆ ಈ ಚೀಲದಲ್ಲಿ ಹೆಪ್ಪುಗಟ್ಟುತ್ತದೆ. ಹೆಪ್ಪಿನ ಚೂರು ಕಳಚಿ ಮೆದುಳಿನ ರಕ್ತನಾಳಕ್ಕೆ ಸಿಕ್ಕಿಕೊಂಡರೆ ಪಕ್ಷವಾತ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ ದಶಕಗಳ ಕಾಲ ನಡೆದ ಅಧ್ಯಯನದ 1991ರ ವರದಿಯ ಪ್ರಕಾರ ಈ ತೊಂದರೆಯುಳ್ಳವರಿಗೆ ಪಕ್ಷವಾತದ ಸಾಧ್ಯತೆ ಸುಮಾರು ಐದು ಪಟ್ಟು. ಕೆಲವರಿಗೆ ಎದೆ ಡವಗುಟ್ಟುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಹಲವರಿಗೆ ಏನೂ ತಿಳಿಯುವುದೇ ಇಲ್ಲ. ಪಕ್ಷವಾತವಾದ ಮೇಲೆಯೇ ಕಾಯಿಲೆ ಇತ್ತೆಂದು ಗೊತ್ತಾಗುವುದೂ ಉಂಟು.

ನಮ್ಮ ಜಿಲ್ಲೆಯವರು ದೊಡ್ಡ ಚಿಕಿತ್ಸೆಗೆ ಹೆಚ್ಚಾಗಿ ಮಂಗಳೂರನ್ನು ನೆಚ್ಚಿಕೊಂಡವರು. 2020ರ ಲಾಕ್‌ಡೌನಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡನ್ನು ವಾಚಕರು ಮರೆತಿರಲಾರರು. ಪಕ್ಷವಾತದ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕೆನ್ನುವಾಗ, ಗುಡ್ಡದಾಚೆಯ ಮನೆಯಿಂದ ಆಸ್ಪತ್ರೆಗೆ ತಲುಪುವ ಹೊತ್ತನ್ನು ಲೆಕ್ಕ ಹಾಕಿದರೆ ಮೊದಲೇ ತಿಳಿಯುವುದರ ಬೆಲೆ ಅರಿವಾಗುತ್ತದೆ.

ಹಾಗೆಂದು ಚಿಹ್ನೆ ಕಂಡೊಡನೆ ಗಾಬರಿಪಡಬೇಕಾದ್ದಿಲ್ಲ. ಅಳೆಯುತ್ತಿರುವಾಗ ಬಡಿತಕ್ಕೊಮ್ಮೆ ಹೃದಯದ ಚಿತ್ರ ಮಿನುಗುವುದು ಹಲವು ಯಂತ್ರಗಳಲ್ಲಿ ಸಹಜ. ಅಂಕೆಗಳು ಬಂದ ಮೇಲೆ ಬೇರೆಯಾಗಿ ಉಳಿಯುವ ಚಿಹ್ನೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಅದೂ ಕೂಡ ಕೈ ಅಲುಗಿದರೆ, ಮಾತಾಡಿದರೆ, ಕೆಮ್ಮಿದರೆ ಬರಬಹುದು. ಆರೋಗ್ಯವಂತರಲ್ಲೂ ಆಗಾಗ ಕಾಣುವ ಒಂದೆರಡು ಬಿಡಿ ಬಡಿತಗಳಿಂದಲೂ ಬರಬಹುದು. ಲೆಕ್ಕಕ್ಕೆಂದು ನೂರು ಮಂದಿ ಹಿರಿಯರನ್ನು ತೆಗೆದುಕೊಳ್ಳೋಣ. ಅವರಲ್ಲಿ ಐವರಿಗೆ ಕಾಯಿಲೆಯಿದೆ, ಯಂತ್ರ ಐವರನ್ನೂ ಹಿಡಿಯಿತು ಎನ್ನೋಣ. ಉಳಿದ ತೊಂಬತ್ತೈದು ಮಂದಿಯಲ್ಲಿ ಹತ್ತಕ್ಕೊಬ್ಬರಂತೆ ತಪ್ಪಿ ತೋರಿಸಿದರೂ ಒಂಬತ್ತು ಹತ್ತು ಮಂದಿಯಾಯಿತು. ಅಂದರೆ ಚಿಹ್ನೆ ಬಂದವರಲ್ಲಿ ಮೂವರಲ್ಲಿ ಒಬ್ಬರಿಗಷ್ಟೇ ನಿಜವಾದ ತೊಂದರೆ. ಆದುದರಿಂದಲೇ ಒಂದು ಸಲ ನೋಡಿ ಬಿಡದೆ, ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಬೇಕೆನ್ನುವುದು. ಅಂತಿಮ ತೀರ್ಪು ಇಸಿಜಿಯದ್ದು, ಯಂತ್ರದ್ದಲ್ಲ. ಕಾಯಿಲೆ ಬಂದು ಹೋಗುವ ಸ್ವಭಾವದ್ದಾದರೆ ಇಸಿಜಿ ತೆಗೆಯುವ ಹೊತ್ತಿಗೆ ನಾಡಿ ಸರಿಯಾಗಿರುವುದೂ ಸಾಧ್ಯ. ಆಗ ಡಾಕ್ಟರರು ಒಂದು ದಿನವೋ ಹೆಚ್ಚೋ ದೇಹಕ್ಕೆ ಕಟ್ಟಿಕೊಳ್ಳುವ ಯಂತ್ರವನ್ನು ಸೂಚಿಸಬಹುದು.

ಎಲ್ಲರನ್ನೂ ಹೀಗೆ ತಪಾಸಣೆ ಮಾಡುವುದರಿಂದ ಪಕ್ಷವಾತ ಕಡಿಮೆಯಾಗುವುದೇ ಎಂಬಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಸ್ವೀಡನ್ನಿನಲ್ಲಿ 75-76 ವರ್ಷದವರನ್ನು ಕರೆದು ನಡೆಸಿದ ತಪಾಸಣೆಯ ಫಲ 2021ರಲ್ಲಿ ಪ್ರಕಟವಾದಾಗ ಅಲ್ಪ ಪ್ರಯೋಜನ ಕಂಡಿತು. ಅದೇ ವರ್ಷ ಡೆನ್ಮಾರ್ಕಿನ ಅಧ್ಯಯನವೊಂದು ಚರ್ಮದಡಿಯಲ್ಲಿಟ್ಟ ಯಂತ್ರದಿಂದ ಮೂರು ಪಟ್ಟು ಹೆಚ್ಚು ಮಂದಿಯಲ್ಲಿ ಕಾಯಿಲೆಯನ್ನು ಪತ್ತೆ ಹಚ್ಚಿದರೂ ಪಕ್ಷವಾತ ಗಣನೀಯವಾಗಿ ಇಳಿದದ್ದು ಕಾಣಲಿಲ್ಲ. ನಮ್ಮ ಮಟ್ಟಿಗೆ ಹೇಳುವುದಾದರೆ, ಇದಕ್ಕಾಗಿಯೇ ಹೊಸ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಒತ್ತಡ ನೋಡಲೆಂದು ಇರುವ ಯಂತ್ರ ಪುಕ್ಕಟೆಯಾಗಿ ಹೇಳುವ ಸುದ್ದಿಗೆ, ಅರವತ್ತೈದು ದಾಟಿದವರಾದರೂ ಕಿವಿಗೊಡುವುದು ಲೇಸು. ಯಂತ್ರವಿಲ್ಲದವರಿಗೆ ಬೆರಳುಗಳಿವೆ. ಹೆಬ್ಬೆರಳಿನ ಬುಡದ ಕೆಳಗೆ ಮಣಿಕಟ್ಟಿನಲ್ಲಿ ಮೂರು ಬೆರಳಿಟ್ಟು ಅರ್ಧ ನಿಮಿಷ ತಾಳ ನೋಡಿದರೆ ಆಯಿತು.

ಕಾಯಿಲೆ ಖಚಿತವಾದವರಿಗೆ ಹೆಪ್ಪುಗಟ್ಟದಂತೆ ತಡೆಯುವ ಔಷಧಗಳಿವೆ. ಹಳೆಯದಾದ ವಾರ್ಫರಿನ್ ಪಕ್ಷವಾತದ ಸಾಧ್ಯತೆಯನ್ನು ಮೂರರಲ್ಲಿ ಎರಡು ಪಾಲು ಇಳಿಸುತ್ತದೆ. 2010ರಿಂದೀಚೆಗೆ ಹೊಸ ಮಾತ್ರೆಗಳು ಬಂದಿವೆ. ಆದರೆ ಬಾಲ್ಯದ ಸಂಧಿವಾತ ಜ್ವರದಿಂದ ಹೃದಯದ ಕವಾಟ ಕಿರಿದಾದವರಿಗೆ (ನಮ್ಮ ದೇಶದಲ್ಲಿ ಇವರು ಕಡಿಮೆಯೇನಲ್ಲ) ವಾರ್ಫರಿನ್ ಜಾತಿಯ ಮದ್ದೇ ಮೇಲೆಂದು 2022ರ ಅಧ್ಯಯನ ತಿಳಿಸಿತು. ಅದನ್ನು ಸೇವಿಸುವವರು ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ಬಸಳೆ, ಹರಿವೆಗಳನ್ನು ಒಂದು ವಾರ ದಿನವೂ ತಿಂದು ಮರುವಾರ ಪೂರ್ತಿ ಬಿಡುವಂತಿಲ್ಲ, ಅಳತೆ ಒಂದೇ ತೆರನಾಗಿರಬೇಕು. ಡಾಕ್ಟರರನ್ನು ಕೇಳದೆ ಮಾತ್ರೆ ನಿಲ್ಲಿಸುವುದಂತೂ ಕೂಡದು. ಮೆಡಿಕಲಿನಿಂದ ತಂದ ಏಸ್ಪಿರಿನ್ ಇದಕ್ಕೆ ಬದಲಿಯಾಗದು.

ಇನ್ನು ನೋಡುವ ಕ್ರಮ. ಚಹಾ, ಕಾಫಿ, ಹೊಗೆಸೊಪ್ಪು ಅರ್ಧ ಗಂಟೆ ಮೊದಲೇ ಬಿಟ್ಟಿರಬೇಕು. ಮೂತ್ರ ಹೊಯ್ದು ಬಂದು ಬೆನ್ನಿಗೆ ಆನಿಕೆಯಿರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕುಳಿತು, ತೋಳು ಎದೆಯ ಮಟ್ಟಕ್ಕೆ ಬರುವಂತೆ ಮೇಜಿನ ಮೇಲಿಡಬೇಕು. ನಾಡಿ ತಾಳ ತಪ್ಪಿದವರಲ್ಲಿ ಒತ್ತಡದ ಅಂಕೆಯೂ ಸಲದಿಂದ ಸಲಕ್ಕೆ ಬದಲಾಗುವುದರಿಂದ ಮೂರರ ಸರಾಸರಿ ತೆಗೆಯುವುದು ಒಳ್ಳೆಯದು. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಲೆಕ್ಕದ ಪುಸ್ತಕದ ಒಂದು ಹಾಳೆಯಲ್ಲಿ ಗೆರೆ ಎಳೆಸಿ ದಿನಾಂಕ, ಹೊತ್ತು, ಮೇಲಿನ ಅಂಕೆ, ಕೆಳಗಿನ ಅಂಕೆ, ನಾಡಿ, ಚಿಹ್ನೆ ಎಂದು ಬರೆಸಿರಿ. ಕುಟುಂಬಾರೋಗ್ಯ ಕೇಂದ್ರಕ್ಕೆ ಹೋಗುವಾಗ ಚೀಟಿಯ ಜೊತೆಗೆ ಆ ಹಾಳೆಯನ್ನೂ ಒಯ್ಯಿರಿ. ಡಾಕ್ಟರರು ಯಾವ ಭಾಷೆಯವರಾದರೂ ಅಂಕೆ ಓದಬಲ್ಲರು.