ಒಂದು ಗೇಣಿನ ಟ್ಯಾಂಕಿಗೆ ಬಣ್ಣ: ಗನ್ನೋ, ಡಬ್ಬಿಯೋ, ಬ್ರಷ್ಷೋ?

ದೋಣಿಮಲೈಯಲ್ಲಿ ಯಾವ ವಸ್ತುವಿಗೂ ಪೇಂಟರ್ ಬೇಕಿಲ್ಲ. ಬಯಲಿಗೆ ಇಟ್ಟರೆ ಸಾಕು, ಊರೇ ಬಣ್ಣ ಹಚ್ಚಿಬಿಡುತ್ತದೆ. ಬೆಳಿಗ್ಗೆ ಬಿಳಿ ಪಂಚೆ ಒಣಹಾಕಿದವರು ಸಂಜೆ ಕಾವಿ ಪಂಚೆ ಮಡಿಸಿಕೊಂಡು ಒಳಗೆ ಹೋಗುತ್ತಾರೆ. ಎನ್‌ಎಂಡಿಸಿಯವರು ಇಲ್ಲಿ ಅದಿರು ತೆಗೆಯಲು ಆರಂಭಿಸಿದ್ದು 1977ರಲ್ಲಿ. ನಡುವೆ ಗುತ್ತಿಗೆಯ ತಕರಾರಿನಿಂದ 2018ರ ನವೆಂಬರಿನಲ್ಲಿ ನಿಂತ ಗಣಿ 2021ರ ಫೆಬ್ರುವರಿಯಲ್ಲಿ ಮತ್ತೆ ಶುರುವಾಯಿತು. ಧೂಳು ಮಾತ್ರ ಯಾವತ್ತೂ ರಜೆ ಹಾಕಿದ್ದಿಲ್ಲ.

ಇಂಥ ಊರಿನಲ್ಲಿ ನನ್ನ ತಂಗಿಯ ಮಗ, ಒಂಬತ್ತನೇ ಕ್ಲಾಸಿನ ಹುಡುಗ, ಒಂದು ಟ್ಯಾಂಕಿಗೆ ಹಸಿರು ಬಣ್ಣ ಹಚ್ಚಲು ಹೊರಟ!

ಗಾಬರಿಯಾಗಬೇಡಿ. ಟ್ಯಾಂಕ್ ಅಂದರೆ ಪ್ಲಾಸ್ಟಿಕ್ಕಿನ ಮಾದರಿ. ತುಂಡು ತುಂಡಾಗಿ ಡಬ್ಬದಲ್ಲಿ ಬರುತ್ತದೆ. ಕತ್ತರಿಸಿ, ಅಂಟಿಸಿ, ನಾವೇ ಜೋಡಿಸಬೇಕು. ಅಸಲಿಯ 35ರಲ್ಲಿ ಒಂದು ಪಾಲು ಅಳತೆ. ಅಸಲಿ ಸೆಂಚೂರಿಯನ್ ಟ್ಯಾಂಕಿನ ಒಡಲು ಸುಮಾರು ಏಳೂವರೆ ಮೀಟರ್ ಉದ್ದ. ಇದು ತೋಪಿನ ಕೊಳವೆ ಬಿಟ್ಟರೆ ಒಂದು ಗೇಣು.

ಸೆಂಚೂರಿಯನ್ನೇ ಯಾಕೆ ಅಂದಿರಾ? ಹುಡುಗನ ತಾತ, ಅಂದರೆ ನಮ್ಮ ಬೀಗರು, ಮಿಲಿಟರಿಯಲ್ಲಿದ್ದಾಗ ಓಡಿಸಿದ್ದು ಅದನ್ನೇ. 1971ರ ಡಿಸೆಂಬರಿನಲ್ಲಿ ಶಕರ್‌ಗಢದ ಕಡೆ ಇದ್ದವರು. ಅದೇ ಕಡೆ ಬಸಂತರ್ ನದಿಯ ಕಾಳಗದಲ್ಲಿ ಡಿಸೆಂಬರ್ 16ರಂದು 21 ವರ್ಷದ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಸೆಂಚೂರಿಯನ್ ಟ್ಯಾಂಕಿನಲ್ಲೇ ಪ್ರಾಣ ಬಿಟ್ಟದ್ದು, ಅವರಿಗೆ ಪರಮವೀರ ಚಕ್ರ ಸಂದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಬೀಗರು ಆ ದಿನಗಳ ಮಾತು ಆಡುವುದು ಅಪರೂಪ. ಈಗ ಎಪ್ಪತ್ತು ದಾಟಿ ಕೆಲವು ವರ್ಷವಾಗಿದೆ, ಗ್ಲಾಕೋಮಾ ಅನ್ನುವ ಕಣ್ಣಿನ ಬೇನೆ. ಒಂದು ಕಣ್ಣು ಹೋಗಿದೆ, ಇನ್ನೊಂದು ಮಸಕು. ಮೊಮ್ಮಗನಿಗೆ ಅವರು ಹೇಳಿದ್ದು ಒಂದೇ ಮಾತು:

“ನನಗೊಂದೀಟು ಕಾಣೋದ್ರಾಗ ಮುಗಿಸಪಾ.”

ಅಷ್ಟಕ್ಕೇ ಹುಡುಗನಿಗೆ ಅವಸರ ಶುರುವಾಯಿತು. ಅವಸರದವರಿಗೆ ಮೊದಲು ಕಾಣುವುದು ಸ್ಪ್ರೇ ಡಬ್ಬಿ.

ಡಬ್ಬಿ ತಂದ ತಪ್ಪಿತಸ್ಥ ನಾನೇ

“ಮಾಮಾ, ಹೊಸಪೇಟಿಂದ ಬರುವಾಗ ಮಿಲಿಟರಿ ಹಸಿರು ಡಬ್ಬಿ ತಗೊಂಡು ಬಾ” ಎಂದು ಫೋನ್ ಬಂತು. ತಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಚೀಲ ಬಿಸಿಲಿಗೆ ಇಟ್ಟಿದ್ದೆ. ಕಂಡಕ್ಟರ್ ಇಣುಕಿ ನೋಡಿ, “ಸೊಳ್ಳಿ ಔಷಧ ಏನ್ರಿ?” ಅಂದ. ಬಣ್ಣ ಅಂದೆ. “ನೆರಳಾಗ ಇಡ್ರಿ ಮತ್ತ, ಡಬ್ ಅಂದೀತು” ಅಂದ.

ಅವನ ಮಾತು ತಮಾಷೆಯಲ್ಲ ಸ್ವಾಮಿ. ಈ ಡಬ್ಬಿಗಳಲ್ಲಿ ಬಣ್ಣವನ್ನು ಹೊರಗೆ ನೂಕುವುದು ಅಡುಗೆ ಗ್ಯಾಸಿನ ಜಾತಿಯ, ಬೆಂಕಿ ಹಿಡಿಯುವ ಅನಿಲ. 50 ಡಿಗ್ರಿ ದಾಟಿದ ಕಡೆ ಇಡಬೇಡಿ ಅಂತ ಡಬ್ಬಿಯ ಮೇಲೇ ಬರೆದಿರುತ್ತದೆ. ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಅಷ್ಟು ಕಾವು ಏರಲು ಹೆಚ್ಚು ಹೊತ್ತು ಬೇಡ. ಅಂಗಡಿ ಮುಂದೆ ಬಿಸಿಲಿಗೆ ಸಾಲಾಗಿ ಜೋಡಿಸಿಡುವ ಹಾರ್ಡ್‌ವೇರ್ ಅಂಗಡಿ ಮಿತ್ರರೂ ಇದನ್ನು ಗಮನಿಸಬೇಕು.

ಮನೆಯಲ್ಲಿ ನಡೆದದ್ದು ಇಷ್ಟು. ಹೊರಗೆ ಹೊಡೆದರೆ ಹಸಿ ಬಣ್ಣಕ್ಕೆ ಕೆಂಪು ಧೂಳು ಕೂತೀತು ಅಂತ ಹುಡುಗ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ. ಮೂಗಿಗೆ ಕರವಸ್ತ್ರ. ಹತ್ತಿರ ಹಿಡಿದು ಒಂದೇ ಉಸುರಿಗೆ ಟ್ಯಾಂಕ್ ಪೂರ್ತಿ ಮುಗಿಸಿದ. ಚಿಕ್ಕಂದಿನಿಂದ ಉಬ್ಬಸದ ಹುಡುಗ ಅದು. ರಾತ್ರಿ ಹತ್ತಕ್ಕೆ ಕೆಮ್ಮು, ಹನ್ನೊಂದಕ್ಕೆ ಉಸಿರು ಎಳೆಯಲಾರದೆ ಆಸ್ಪತ್ರೆ, ನೆಬ್ಯುಲೈಸರ್. ತಂಗಿ ನನಗೆ ಅಂದ ಮಾತುಗಳನ್ನು ಪತ್ರಿಕೆಯಲ್ಲಿ ಅಚ್ಚು ಹಾಕುವ ಹಾಗಿಲ್ಲ.

ಕರವಸ್ತ್ರವಾಗಲಿ, ಕೊರೊನಾ ಕಾಲದ ಬಟ್ಟೆ ಮಾಸ್ಕ್ ಆಗಲಿ ತಿನ್ನರ್ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು, ಕಿಟಕಿ ಬಾಗಿಲು ತೆಗೆದಿರಬೇಕು. ಇನ್ನೊಂದು ವಿಷಯ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಿಂದ ಜಾರಿಯಲ್ಲಿದೆ. ಅದು ಮನೆಯ ಬಣ್ಣಕ್ಕೆ ಮಾಡಿದ ನಿಯಮ. ಗಾಡಿಗೆ, ಕಾರ್ಖಾನೆಗೆ ಅಂತ ಮಾರುವ ಬಣ್ಣವನ್ನು ಮಕ್ಕಳ ಕೈಗೆ ಕೊಡುವ ಮುನ್ನ ಡಬ್ಬಿಯ ಮೇಲಿನ ಬರಹ ಓದಿ.

ಬೆರಳಿಗೆ ಸಿಗದ ಬಾಗಿಲು

ಬೆಳಿಗ್ಗೆ ಹುಡುಗ ಸುಧಾರಿಸಿಕೊಂಡ. ಟ್ಯಾಂಕ್ ಒಣಗಿತ್ತು. ತಾತ ಅದನ್ನು ಎತ್ತಿಕೊಂಡರು. ಕಣ್ಣಿಗಿಂತ ಬೆರಳಿನಲ್ಲೇ ನೋಡುವ ರೂಢಿ ಅವರಿಗೆ ಆಗಲೇ ಬಂದುಬಿಟ್ಟಿದೆ. ಬೆರಳು ಮುಂಭಾಗದ ಬಲಮೂಲೆಗೆ ಹೋಯಿತು, ಅಲ್ಲಲ್ಲೇ ಸುತ್ತಾಡಿತು.

“ಇಲ್ಲಿ ನನ್ನ ಬಾಗಿಲಾ ಇರಬೇಕಲ್ಲಪಾ?”

ಸೆಂಚೂರಿಯನ್ನಿನಲ್ಲಿ ಚಾಲಕ ಕೂರುವುದು ಮುಂದೆ ಬಲಗಡೆ. ತಲೆಯ ಮೇಲೆ ಎರಡು ರೆಕ್ಕೆಯ ಮುಚ್ಚಳ. ಮಾದರಿಯಲ್ಲೂ ಅದು ಕೂದಲೆಳೆಯಷ್ಟು ಗೆರೆಯಲ್ಲಿ ಮೂಡಿತ್ತು. ಡಬ್ಬಿಯ ದಪ್ಪ ಬಣ್ಣ ಆ ಗೆರೆಯನ್ನು ನುಂಗಿತ್ತು. ಬೋಲ್ಟುಗಳು ಕಜ್ಜಾಯದ ಮೇಲಿನ ಗಸಗಸೆಯಂತೆ ಮುಳುಗಿ ಹೋಗಿದ್ದವು. ಹುಡುಗ ತಲೆ ತಗ್ಗಿಸಿದ.

ನಾನು ಹೊಸಪೇಟೆಗೆ ವಾಪಸು ಬಂದು, ಲಾರಿ ಕಾರುಗಳಿಗೆ ಗನ್ ಹೊಡೆಯುವ ಶೆಡ್ಡುಗಳಲ್ಲಿ, ಬಣ್ಣದ ಅಂಗಡಿಗಳಲ್ಲಿ ವಿಚಾರಿಸುತ್ತಾ ಹೋದೆ. ತಿಳಿದದ್ದನ್ನು ವಾಚಕರ ಮುಂದಿಡುತ್ತೇನೆ. ಗಣೇಶನ ಮೂರ್ತಿ ಮಾಡುವವರಿಗೆ, ಶಾಲೆಯ ವಸ್ತುಪ್ರದರ್ಶನಕ್ಕೆ ಡಂಪರ್ ಮಾದರಿ ಮಾಡುವ ಮಕ್ಕಳಿಗೂ ಉಪಯೋಗಕ್ಕೆ ಬಂದೀತು.

ಏರ್‌ಬ್ರಷ್: ಚೆಂದ, ಆದರೆ ಸಂಸಾರ ದೊಡ್ಡದು

ಪೆನ್ನಿನಷ್ಟು ಗಾತ್ರದ ಗನ್ ಇದು. ಕಾರಿಗೆ ಹೊಡೆಯುವ ಗನ್ನಿನ ಬಾಯಿ ಒಂದೂಕಾಲು ಮಿಲಿಮೀಟರಿಗೂ ಮೇಲಿದ್ದರೆ, ಇದರದು 0.2ರಿಂದ 0.3 ಮಿಲಿಮೀಟರ್. ಒಳ್ಳೆಯ ಜಾತಿಯದರಲ್ಲಿ ಗುಂಡಿ ಒತ್ತಿದರೆ ಗಾಳಿ, ಹಿಂದಕ್ಕೆ ಎಳೆದರೆ ಬಣ್ಣ. ಬಣ್ಣವನ್ನು ಹಾಲಿನಷ್ಟು ತೆಳ್ಳಗೆ ಕಲಸಬೇಕು, ಗಾಳಿ 15ರಿಂದ 20 ಪೌಂಡ್ ಇದ್ದರೆ ಸಾಕು. ಬೈಕಿನ ಟೈರಿಗೆ ಹಾಕುವುದಕ್ಕಿಂತ ಕಡಿಮೆ. ಹಸಿರಿನಿಂದ ಕಂದು ಬಣ್ಣಕ್ಕೆ ಮಂಜಿನ ಹಾಗೆ ಬೆರೆಯುವ ಪಟ್ಟೆಗಳು ಬೇಕೆಂದರೆ ಇದನ್ನು ಮೀರಿಸುವ ಸಾಧನವಿಲ್ಲ.

ಆದರೆ ಕಂಪ್ರೆಸರ್ ಬೇಕು, ಗಾಳಿಯ ನೀರಿನಂಶ ಹಿಡಿಯುವ ಬಟ್ಟಲು ಬೇಕು, ಕರೆಂಟು ಬೇಕು. ಹತ್ತು ನಿಮಿಷ ಬಣ್ಣ ಹೊಡೆದರೆ ಇನ್ನೊಂದು ಹತ್ತು ನಿಮಿಷ ತೊಳೆಯುತ್ತ ಕೂರಬೇಕು. ಒಂದು ಸಲ ಸೋಮಾರಿತನ ಮಾಡಿದರೆ ಸೂಜಿ ಕಚ್ಚಿಕೊಂಡು ಕೂರುತ್ತದೆ. ವರ್ಷಕ್ಕೆ ಹತ್ತು ಮಾದರಿ ಮಾಡುವವರಿಗೆ ಸರಿ. ಒಂದು ಟ್ಯಾಂಕಿಗಾಗಿ ಕೊಳ್ಳುವುದು ಒಂದು ಲೋಟ ಹಾಲಿಗಾಗಿ ಎಮ್ಮೆ ಕಟ್ಟಿದ ಹಾಗೆ.

ಡಬ್ಬಿ: ಅಡಿಪಾಯಕ್ಕೆ ಒಳ್ಳೆಯದು

ಬಣ್ಣವನ್ನು ಡಬ್ಬಿಗೆ ತುಂಬಿ ಒತ್ತಿದರೆ ಹಾರುವ ಹಾಗೆ ಮಾಡಿದ್ದು 1949ರಲ್ಲಿ, ಅಮೆರಿಕದ ಎಡ್ವರ್ಡ್ ಸೀಮೋರ್. ಆ ಉಪಾಯ ಸೂಚಿಸಿದವರು ಅವರ ಹೆಂಡತಿ ಬಾನಿ ಅನ್ನುತ್ತಾರೆ. ಅನುಕೂಲ ಏನೋ ನಿಜ. ಆದರೆ ಇದರ ಒತ್ತಡ ನಮ್ಮ ಕೈಯಲ್ಲಿಲ್ಲ, ಬಿಟ್ಟರೆ ಬಾಣ. ಪ್ರೈಮರ್ ಕೋಟಿಗೆ, ಒಂದೇ ಬಣ್ಣದ ಮೊದಲ ಕೋಟಿಗೆ ಪರವಾಗಿಲ್ಲ. ಎರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, ಗೇಣಿಗೆ ಕಮ್ಮಿಯಿಲ್ಲದ ದೂರದಲ್ಲಿ ಹಿಡಿದು, ವಸ್ತುವಿನ ಆಚೆ ಶುರು ಮಾಡಿ ಈಚೆ ನಿಲ್ಲಿಸಬೇಕು. ಒಂದು ದಪ್ಪ ಕೋಟಿಗಿಂತ ಮೂರು ತೆಳು ಕೋಟು ಮೇಲು. ನಮ್ಮ ಕಡೆಯವರು ಗಾಳಿ ಏಳುವ ಮುಂಚೆ, ಬೆಳಗಿನ ಜಾವ ವರಾಂಡದಲ್ಲಿ ಹೊಡೆದು, ಕೂಡಲೇ ರಟ್ಟಿನ ಡಬ್ಬ ಬೋರಲು ಹಾಕಿದರೆ ಧೂಳಿನ ಕಾಟವೂ ತಪ್ಪುತ್ತದೆ, ಬಚ್ಚಲ ಬಾಗಿಲೂ ತೆರೆದಿರುತ್ತದೆ.

ಬ್ರಷ್: ಬಡವನ ಬಂಧು

ಬ್ರಷ್ಷಿನಲ್ಲಿ ಗೆರೆ ಬೀಳುತ್ತವೆ ಅನ್ನುವುದು ದೂರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಮಾಡಿ, ಚಪ್ಪಟೆ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಎಳೆಯಬೇಕು. ಅರ್ಧ ಒಣಗಿದ ಕಡೆ ಮತ್ತೆ ಕೈ ಹಾಕಬಾರದು, ಗೆರೆ ಬೀಳುವುದು ಅಲ್ಲೇ. ಪೂರ್ತಿ ಒಣಗಿದ ಮೇಲೆ ಎರಡನೇ ಕೋಟು, ಬೇಕಾದರೆ ಮೂರನೇದು. ವಾಸನೆ ಕಡಿಮೆ, ಕರೆಂಟು ಬೇಡ, ಸೋಪು ನೀರಿನಲ್ಲಿ ತೊಳೆದರಾಯಿತು. ಒಂದು ಡಬ್ಬಿಯ ದುಡ್ಡಿಗೆ ಒಳ್ಳೆಯ ಬ್ರಷ್ ಎರಡಾದರೂ ಬರುತ್ತವೆ.

ಇನ್ನೂ ಒಂದು ಮಾತು. ಗನ್ ಇದ್ದವನಿಗೂ ಕೊನೆಗೆ ಬ್ರಷ್ಷೇ ಗತಿ. ಚಕ್ರದ ರಬ್ಬರು, ಸನಿಕೆ ಹಿಡಿ, ದೀಪ ಎಲ್ಲ ಅದರಲ್ಲೇ. ಬ್ರಷ್ಷನ್ನು ತಿಳಿಬಣ್ಣದಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಉಳಿದ ಚೂರಿನಲ್ಲಿ ಉಬ್ಬುಗಳ ಮೇಲೆ ಸವರಿದರೆ ಪ್ಲಾಸ್ಟಿಕ್ಕು ಕಬ್ಬಿಣವಾಗಿಬಿಡುತ್ತದೆ.

ಧೂಳಿಗೂ ಊರುಂಟು

ಹುಡುಗ ತಿನ್ನರ್ ಹಾಕಿ ಹಳೇ ಬಣ್ಣ ತೆಗೆಯಲು ಹೊರಟಿದ್ದ. ಬೇಡ ಅಂದೆ, ತಿನ್ನರ್ ತಾಕಿದರೆ ಈ ಪ್ಲಾಸ್ಟಿಕ್ಕೇ ಕರಗುತ್ತದೆ. ವಾಟರ್ ಪೇಪರಿಗೆ ನೀರು ಮುಟ್ಟಿಸಿ ಎರಡು ಭಾನುವಾರ ಉಜ್ಜಿದ. ಮುಚ್ಚಳದ ಗೆರೆಯನ್ನು ಸೂಜಿಯಲ್ಲಿ ಕೆರೆದು ಮತ್ತೆ ಬಿಡಿಸಿದ. ಆಮೇಲೆ ಬ್ರಷ್ಷು, ಮೂರು ತೆಳು ಕೋಟು. ಕೊನೆಗೆ ತನ್ನದೇ ಬುದ್ಧಿ ಉಪಯೋಗಿಸಿ, ಕಿಟಕಿಯ ಸಂದಿನಿಂದ ದೋಣಿಮಲೈ ಧೂಳು ಬಳಿದು ತಂದು ಟ್ಯಾಂಕಿನ ಚೈನಿಗೆ ಉಜ್ಜಿದ. ದಡ್ಡನಲ್ಲ ಅವನು. ನಮ್ಮ ಅದಿರಿನ ಕೆಂಪು ಹಿಟ್ಟು, ಹಾರ್ಡ್‌ವೇರ್ ಅಂಗಡಿಯ ರೆಡ್ ಆಕ್ಸೈಡಿನ ಬಣ್ಣ ಎರಡೂ ಒಂದೇ ಐರನ್ ಆಕ್ಸೈಡ್. ಮಾದರಿ ಮಾಡುವವರು ಇಂಥದೇ ಪುಡಿಗೆ ದುಡ್ಡು ಕೊಡುತ್ತಾರೆ, ನಮಗೆ ಪುಕ್ಕಟೆ.

ತಾತ ಟ್ಯಾಂಕನ್ನು ಕಣ್ಣಿಗೆ ಹತ್ತಿರ ಹಿಡಿದು ಕಿಟಕಿಯ ಬೆಳಕಿಗೆ ಓರೆ ಮಾಡಿದರು.

“ಬಣ್ಣ ಬರೋಬ್ಬರಿ ಐತಿ. ಆದ್ರ ಅಲ್ಲಿ ಮಣ್ಣು ಕೆಂಪಲ್ಲಪಾ. ಬೂದಿ ಬೂದಿ ಇತ್ತು. ನದಿ ದಾಟಿದ ಮ್ಯಾಲ ಹಸೀ ಕೆಸರು.”

ಹುಡುಗ ಏನೂ ಅನ್ನದೆ ಕೆಂಪು ತೊಳೆದ. ಒಲೆಬೂದಿಗೆ ಚೂರು ಕಂದು ಬಣ್ಣ ಕಲಸಿ ಚೈನಿಗೆ, ಅಡಿಗೆ ಹಚ್ಚಿದ. ನಮ್ಮ ಕೆಂಪು ಧೂಳನ್ನು ಒಂದು ಡಬ್ಬಿಗೆ ತುಂಬಿಟ್ಟಿದ್ದಾನೆ, ಮುಂದಿನ ಸಲ ಗಣಿಯ ಡಂಪರ್ ಮಾದರಿ ಮಾಡಲು.

ಒಣಗಿದ ಮೇಲೆ ಬೀಗರು ಇನ್ನೊಮ್ಮೆ ಟ್ಯಾಂಕ್ ಕೇಳಿ ತರಿಸಿಕೊಂಡರು. ಬೆರಳು ಬಲಮೂಲೆಗೆ ಹೋಯಿತು, ಗೆರೆ ಸಿಕ್ಕಿತು, ಅಲ್ಲೇ ನಿಂತಿತು.

“ಹೂಂ. ಇಲ್ಲೇ ಕುಂತಿದ್ದೆ.”

ಅಷ್ಟೇ ಅಂದದ್ದು. ಆಮೇಲೆ ಚಹಾ ಕೇಳಿದರು. ನನ್ನ ತಂಗಿ ಚಹಾ ಕೊಟ್ಟಳು, ನನಗೂ ಒಂದು ಕಪ್ಪು ಸಿಕ್ಕಿತು. ಕ್ಷಮೆ ಸಿಕ್ಕಿದೆ ಅಂತ ತಿಳಿದುಕೊಂಡಿದ್ದೇನೆ.